ಗಡುವು ಬಸ್ಸಿಗಿತ್ತು, ಗ್ಯಾರೇಜಿಗಿರಲಿಲ್ಲ

1998ರ ಜುಲೈ 28ರಂದು ದೆಹಲಿಯ ಗಾಳಿಯ ಬಗ್ಗೆ ಸುಪ್ರೀಂ ಕೋರ್ಟ್ ಹೊರಡಿಸಿದ ಆದೇಶ ತೀರ್ಪಿಗಿಂತ ಹೆಚ್ಚಾಗಿ ಮದುವೆ ಮನೆಯ ಕೆಲಸದ ಪಟ್ಟಿಯಂತಿದೆ. ಒಂದು ಕಡೆ ಕೆಲಸ, ಎದುರಿಗೆ ತಾರೀಕು. ಸೀಸ ಬೆರೆಸಿದ ಪೆಟ್ರೋಲ್ ಸೆಪ್ಟೆಂಬರ್ 1ಕ್ಕೆ ನಿಲ್ಲಬೇಕು. ಟೂ-ಸ್ಟ್ರೋಕ್ ಗಾಡಿಗಳಿಗೆ ಡಿಸೆಂಬರ್ 31ರೊಳಗೆ ಆಯಿಲ್ ಮೊದಲೇ ಬೆರೆಸಿದ ಪೆಟ್ರೋಲನ್ನೇ ಕೊಡಬೇಕು. 1990ಕ್ಕಿಂತ ಹಳೆಯ ಆಟೊ, ಟ್ಯಾಕ್ಸಿಗಳು 2000ದ ಮಾರ್ಚ್ 31ರೊಳಗೆ ಜಾಗ ಖಾಲಿ ಮಾಡಬೇಕು. ಸಿಎನ್‌ಜಿ ಪಂಪುಗಳು 9ರಿಂದ 80ಕ್ಕೆ ಏರಬೇಕು. 2001ರ ಮಾರ್ಚ್ 31ರೊಳಗೆ ಊರಿನ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕು. ಇಂಧನ ಪರೀಕ್ಷಿಸುವ ಪ್ರಯೋಗಾಲಯ ಬೇಕು, ವಾಹನ ತಪಾಸಣೆಯ ಯಂತ್ರಗಳು ಬೇಕು, ಗಾಳಿ ಅಳೆಯುವ ಕೇಂದ್ರಗಳೂ ಬೇಕು.

ಈ ಪಟ್ಟಿ ಸಿದ್ಧವಾದದ್ದು ಅದೇ ವರ್ಷದ ಜನವರಿಯಲ್ಲಿ ಭೂರೆ ಲಾಲ್ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಪರಿಸರ ಮಾಲಿನ್ಯ ಪ್ರಾಧಿಕಾರದ ಸಲಹೆಯ ಮೇಲೆ. ಮೂಲ ಮೊಕದ್ದಮೆ ವಕೀಲ ಎಂ.ಸಿ. ಮೆಹ್ತಾ 1985ರಲ್ಲಿ ಹೂಡಿದ್ದು. ಹದಿಮೂರು ವರ್ಷ ಕೋರ್ಟಿನಲ್ಲಿದ್ದ ಕೇಸಿಗೆ ಕೊನೆಗೂ ಹಲ್ಲು ಬಂದಿತ್ತು. ಆದರೆ ಆ ಪಟ್ಟಿಯಲ್ಲಿ ಒಂದು ಸಾಲು ಇರಲಿಲ್ಲ. ಸಾವಿರಾರು ಬಸ್ಸು, ಆಟೊ, ಟ್ಯಾಕ್ಸಿಗಳ ಹೊಟ್ಟೆ ಬಿಚ್ಚಿ ಹೊಸ ಇಂಧನಕ್ಕೆ ಒಗ್ಗಿಸುವ ಕೈಗಳು ಯಾರವು, ಆ ಕೈಗಳಿಗೆ ಕಲಿಸುವವರು ಯಾರು, ಯಾವ ತಾರೀಕಿನೊಳಗೆ ಎಂಬ ಸಾಲು.

ಗ್ಯಾರೇಜನ್ನು ಕಾನೂನು ಆವರೆಗೆ ನೋಡಿದ್ದು ಸೈಲೆನ್ಸರಿನ ತುದಿಯಿಂದ ಮಾತ್ರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದ ಪ್ರಕಾರ, ನಿಂತಲ್ಲೇ ಎಂಜಿನ್ ಓಡುವಾಗ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3 ಮೀರಬಾರದು, ದ್ವಿಚಕ್ರ ಮತ್ತು ತ್ರಿಚಕ್ರದಲ್ಲಿ ಶೇ. 4.5. ನಮ್ಮೆಲ್ಲರ ಡ್ಯಾಶ್‌ಬೋರ್ಡಿನಲ್ಲಿ ಮಡಚಿಕೊಂಡಿರುವ ಪಿಯುಸಿ ಚೀಟಿ ಹುಟ್ಟಿದ್ದು ಹೀಗೆ. ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಈ ಪರೀಕ್ಷೆಗೆ ಒಂದು ಸ್ಕ್ರೂಡ್ರೈವರ್ ಸಾಕಿತ್ತು. ಐಡಲ್ ಸ್ಕ್ರೂ ಸ್ವಲ್ಪ ತಿರುಗಿಸಿದರೆ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾಗುತ್ತದೆ, ಮೀಟರಿನ ಅಂಕಿ ಇಳಿಯುತ್ತದೆ, ಚೀಟಿ ಸಿಗುತ್ತದೆ. ಗಾಡಿ ಎಳೆಯುತ್ತಿಲ್ಲ ಎಂದು ಮಾಲೀಕ ಗೊಣಗಿದರೆ ಸ್ಕ್ರೂ ಮತ್ತೆ ಮೊದಲಿನ ಜಾಗಕ್ಕೆ. ಮೆಕ್ಯಾನಿಕ್‌ನನ್ನು ಕಳ್ಳ ಎನ್ನುವುದು ಸುಲಭ. ಆದರೆ ಆತ ಗಿರಾಕಿ ಕೇಳಿದ್ದನ್ನೂ ಸರ್ಕಾರ ಕೇಳಿದ್ದನ್ನೂ ಒಂದೇ ಸ್ಕ್ರೂವಿನಲ್ಲಿ ಪೂರೈಸುತ್ತಿದ್ದ, ಅಷ್ಟೇ.

1998ರ ಪಟ್ಟಿಯ ಮೊದಲ ಎರಡು ಸಾಲುಗಳು ಗ್ಯಾರೇಜಿನ ಒಳಗೂ ಕೆಲಸ ಮಾಡಿದವು, ಅದಕ್ಕೆಂದೇ ಬರೆದವಲ್ಲದಿದ್ದರೂ. ಸೀಸದ ಪೆಟ್ರೋಲನ್ನೇ ತೆಗೆದುಕೊಳ್ಳಿ. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಸೀಸ ತಗುಲಿದರೆ ಅದು ಕೆಡುತ್ತದೆ. ಹಾಗಾಗಿ ಸೀಸವಿಲ್ಲದ ಪೆಟ್ರೋಲ್ ಬಂತು. ದೆಹಲಿಯಲ್ಲಿ 1998ರಲ್ಲಿ, ದೇಶದಲ್ಲಿ 2000ದ ಫೆಬ್ರವರಿಯಲ್ಲಿ ಸೀಸದ ಪೆಟ್ರೋಲ್ ನಿಂತಿತು. ಆದರೆ ಅದಕ್ಕೂ ಮೊದಲು, ದಶಕಗಳ ಕಾಲ, ಗ್ಯಾರೇಜಿನಲ್ಲಿ ಗ್ರೀಸ್ ಮೆತ್ತಿದ ಕೈ ತೊಳೆಯುತ್ತಿದ್ದದ್ದು ಪೆಟ್ರೋಲಿನಲ್ಲಿ. ಕಾರ್ಬ್ಯುರೇಟರ್ ಬಿಚ್ಚಿ ಅದ್ದುತ್ತಿದ್ದದ್ದು ಪೆಟ್ರೋಲಿನ ಬೋಗುಣಿಯಲ್ಲಿ. ಟ್ಯಾಂಕು ಖಾಲಿ ಮಾಡಬೇಕಾದರೆ ಪೈಪಿನ ತುದಿಯನ್ನು ಬಾಯಲ್ಲಿಟ್ಟು ಎಳೆಯುತ್ತಿದ್ದರು. ಪೆಟ್ರೋಲಿಗೆ ಬೆರೆಸುತ್ತಿದ್ದ ಟೆಟ್ರಾಈಥೈಲ್ ಸೀಸ ಚರ್ಮದ ಮೂಲಕವೂ ರಕ್ತಕ್ಕೆ ಇಳಿಯುವಂಥದ್ದು. ಕನ್ವರ್ಟರ್ ಎಂಬ ಲೋಹದ ಡಬ್ಬಿಯನ್ನು ಉಳಿಸಲು ಬಂದ ಬದಲಾವಣೆಯಿಂದ ಕೆಲಸದ ಹುಡುಗನ ಅಂಗೈಗೂ ಅಷ್ಟು ವಿಷ ತಪ್ಪಿತು.

ಟೂ-ಸ್ಟ್ರೋಕ್ ಕಥೆ ಇನ್ನೂ ಸ್ವಾರಸ್ಯದ್ದು. ಆ ಎಂಜಿನ್ನಿನಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಉರಿಯುತ್ತದೆ. ಲೀಟರಿಗೆ ಸುಮಾರು 20 ಮಿಲಿಲೀಟರ್ ಸಾಕು. ಆದರೆ ಬಿಡಿಯಾಗಿ ಸಿಗುತ್ತಿದ್ದ ಅಗ್ಗದ ಆಯಿಲನ್ನು, ಎಂಜಿನ್ ಜಾಮ್ ಆಗದಿರಲಿ ಎಂದು, ಆಟೊದವರು ಧಾರಾಳವಾಗಿ ಸುರಿಯುತ್ತಿದ್ದರು. ಬೆಂಗಳೂರಿನ ಹಳಬರಿಗೂ ಆ ನೀಲಿ ಹೊಗೆ ನೆನಪಿರುತ್ತದೆ. ದೆಹಲಿಯ ಆದೇಶ ಅಳತೆಯನ್ನು ಮನುಷ್ಯನ ಕೈಯಿಂದ ಕಿತ್ತು ಪಂಪಿನ ಯಂತ್ರಕ್ಕೆ ಕೊಟ್ಟಿತು. ತಿಳಿಹೇಳುವ ಗೋಜಿಗೇ ಹೋಗಲಿಲ್ಲ, ತಪ್ಪು ಮಾಡುವ ಅವಕಾಶವನ್ನೇ ತೆಗೆಯಿತು. ಆ ಪಟ್ಟಿಯಲ್ಲಿ ಇದರಷ್ಟು ಜಾಣತನದ ಸಾಲು ಇನ್ನೊಂದಿಲ್ಲ.

ಸಿಎನ್‌ಜಿ ವಿಷಯದಲ್ಲಿ ಆ ಉಪಾಯ ನಡೆಯುವಂತಿರಲಿಲ್ಲ. ಇಲ್ಲಿ ತಪ್ಪಾಗುವ ಜಾಗ ಪಂಪಿನಲ್ಲಿರಲಿಲ್ಲ, ಗ್ಯಾರೇಜಿನಲ್ಲಿತ್ತು.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಡದಿಂದ ಕಾದ ಗಾಳಿಯಲ್ಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಸಿಎನ್‌ಜಿ ಹಾಗೆ ಹೊತ್ತಿಕೊಳ್ಳುವುದಿಲ್ಲ, ಅದಕ್ಕೆ ಕಿಡಿ ಬೇಕು. ಹಾಗಾಗಿ ಹಳೆಯ ಡೀಸೆಲ್ ಬಸ್ಸನ್ನು ಬದಲಾಯಿಸುವುದೆಂದರೆ ಸಿಲಿಂಡರ್ ಹೆಡ್ಡಿನಲ್ಲಿ ಪ್ಲಗ್ಗಿಗೆ ಜಾಗ ಮಾಡಬೇಕು, ಪಿಸ್ಟನ್ ಮಾರ್ಪಡಿಸಿ ಕಂಪ್ರೆಷನ್ ಇಳಿಸಬೇಕು, ಇಗ್ನಿಷನ್ ಕೂರಿಸಬೇಕು, ಹೆಚ್ಚಾದ ಶಾಖವನ್ನು ತಡೆಯುವ ವ್ಯವಸ್ಥೆ ಮಾಡಬೇಕು. ಇದು ಕಿಟ್ ಜೋಡಿಸಿ ಮುಗಿಸುವ ಕೆಲಸವೇ ಅಲ್ಲ, ಎಂಜಿನ್ನಿಗೆ ಮರುಹುಟ್ಟು. ಅದರ ಮೇಲೆ 200 ಬಾರ್ ಒತ್ತಡದ ಸಿಲಿಂಡರುಗಳು. ಕಾರಿನ ಟಯರಿನ ಒತ್ತಡ ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು. ಅದರ ಸುಮಾರು ತೊಂಬತ್ತು ಪಟ್ಟು ಒತ್ತಡ ಜನ ಕೂತ ಸೀಟಿನ ಕೆಳಗೋ ಪಕ್ಕದಲ್ಲೋ ಇರುತ್ತದೆ ಎಂದರೆ, ಪೈಪಿನ ಒಂದು ಸಡಿಲ ಜೋಡಣೆಯ ಅರ್ಥವೇ ಬೇರೆ.

ಮೆಕ್ಯಾನಿಕ್‌ನ ಮೈಗೆ ಹತ್ತಿದ ಎಚ್ಚರವೂ ಇಲ್ಲಿ ತಲೆಕೆಳಗಾಗುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಗಾಡಿ ನಿಲ್ಲಿಸುವ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ಗುಂಡಿಯೊಳಗೆ ಬೀಡಿ ಹಚ್ಚಬಾರದು ಎಂದು ಹುಡುಗರಿಗೆ ಮೊದಲ ವಾರವೇ ಬೈದು ಕಲಿಸುತ್ತಾರೆ. ಸಿಎನ್‌ಜಿ ಬಹುಪಾಲು ಮೀಥೇನ್, ಗಾಳಿಗಿಂತ ಹಗುರ. ಸೋರಿದರೆ ಮೇಲೇರುತ್ತದೆ. ಬಯಲಲ್ಲಿ ಅದೇ ಅದರ ಒಳ್ಳೆಯ ಗುಣ. ಆದರೆ ತಗಡಿನ ಸೂರು, ಮೇಲೊಂದು ಬರಿಯ ಬಲ್ಬು, ಮುಚ್ಚಿದ ಶಟರ್ ಇರುವ ಅಂಗಡಿಯಲ್ಲಿ ಅಪಾಯ ತಲೆಯ ಮೇಲೆ ಸೇರುತ್ತದೆ. ಬೆಂಗಳೂರಿನ ಆಟೊಗಳು ಹಿಡಿದ ಎಲ್‌ಪಿಜಿಯಾದರೋ ಮತ್ತೆ ಭಾರ, ನೆಲಕ್ಕೇ ಇಳಿಯುತ್ತದೆ. ಎರಡೂ ‘ಗ್ಯಾಸ್ ಗಾಡಿ’ ಎಂಬ ಒಂದೇ ಹೆಸರಿನಲ್ಲಿ ಓಡುತ್ತವೆ. ಒಂದೇ ಪದ ಎರಡು ವಿರುದ್ಧ ಎಚ್ಚರಗಳನ್ನು ಮುಚ್ಚಿಡುತ್ತದೆ.

2001ರ ಮಾರ್ಚ್ ಮುಗಿಯುವ ಹೊತ್ತಿಗೆ ಬಸ್ಸುಗಳೂ ಸಾಲಲಿಲ್ಲ, ಪಂಪುಗಳೂ ಸಾಲಲಿಲ್ಲ. ಆಟೊದವರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಅಲ್ಲೇ ನಿದ್ದೆ ಹೋದರು. ಆರ್ಡರ್ ಕೊಟ್ಟವರಿಗೆ ಸೆಪ್ಟೆಂಬರ್‌ವರೆಗೆ, ಆಮೇಲೆ 2002ರ ಜನವರಿವರೆಗೆ ಗಡುವು ಜಾರಿತು. ಕೊನೆಗೆ 2002ರ ಏಪ್ರಿಲ್ 5ರಂದು ನ್ಯಾಯಮೂರ್ತಿ ಕಿರ್ಪಾಲ್ ಅವರ ಪೀಠ ಉಳಿದ ಡೀಸೆಲ್ ಬಸ್ಸುಗಳಿಗೆ ದಿನಕ್ಕೆ 500 ರೂಪಾಯಿ, ಮೂವತ್ತು ದಿನದ ನಂತರ 1000 ರೂಪಾಯಿ ದಂಡ ಹಾಕಿತು, ಮೇ 1ರಿಂದ ತಿಂಗಳಿಗೆ 800 ಬಸ್ಸು ಹಿಂತೆಗೆಯಿರಿ ಎಂದಿತು. ವರ್ಷಾಂತ್ಯಕ್ಕೆ ಊರಿನ ಬಸ್ ವ್ಯವಸ್ಥೆಯಿಂದ ಡೀಸೆಲ್ ಹೋಗಿತ್ತು. ಜಗತ್ತಿನ ಅತಿ ದೊಡ್ಡ ಸಿಎನ್‌ಜಿ ಬಸ್ ಪಡೆ ಎಂದು ಹೊರದೇಶದವರು ಬಂದು ನೋಡಿಹೋದರು.

ಆ ಅವಸರದ ವರ್ಷಗಳಲ್ಲೇ ಕೆಲವು ಸಿಎನ್‌ಜಿ ಬಸ್ಸುಗಳಿಗೆ ಬೆಂಕಿ ಹತ್ತಿತು. ಇಂಧನವೇ ಅಪಾಯಕಾರಿ ಎಂದು ಡೀಸೆಲ್ ಪರವಾಗಿದ್ದವರು ಕೂಗಿದರು. ಸಿಎನ್‌ಜಿ ಪರ ಇದ್ದವರು ಜೋಡಣೆ ಮತ್ತು ನಿರ್ವಹಣೆಯತ್ತ ಬೆರಳು ತೋರಿದರು. ಎರಡನೆಯವರ ಮಾತು ಸತ್ಯಕ್ಕೆ ಹತ್ತಿರ. ಆದರೆ ಅದನ್ನು ಒಪ್ಪಿದ ಮೇಲೆ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ. ಆ ಜೋಡಣೆ ಮಾಡಿದವನಿಗೆ ಅದನ್ನು ಕಲಿಸಿದ್ದು ಯಾರು?

ಸರ್ಕಾರಿ ಉತ್ತರ ಐಟಿಐ. ಕುಶಲಕರ್ಮಿ ತರಬೇತಿ ಯೋಜನೆ 1950ರಷ್ಟು ಹಳೆಯದು, ಅಪ್ರೆಂಟಿಸ್ ಕಾಯ್ದೆ 1961ರದ್ದು. ಮೋಟಾರು ವಾಹನ ಮೆಕ್ಯಾನಿಕ್ ಎಂಬ ಎರಡು ವರ್ಷದ ಕೋರ್ಸ್ ಇದೆ, ದೆಹಲಿಯ ಪೂಸಾದಲ್ಲಿ ದೊಡ್ಡ ಐಟಿಐ ಇದೆ. ಆದರೆ ಕರೋಲ್ ಬಾಗ್‌ನ, ಕಶ್ಮೀರಿ ಗೇಟ್‌ನ ಗಲ್ಲಿಗಳಲ್ಲಿ ಕೆಲಸ ಕಲಿಯುವ ದಾರಿ ಬೇರೆ. ಅಲ್ಲಿ ಗುರುವಿಗೆ ಉಸ್ತಾದ್ ಎನ್ನುತ್ತಾರೆ, ಕಲಿಯುವವನಿಗೆ ಬಹಳ ದಿನ ಹೆಸರೇ ಇರುವುದಿಲ್ಲ, ಅವನು ಛೋಟು. ನಮ್ಮ ಕಡೆ ‘ಗ್ಯಾರೇಜ್ ಹುಡುಗ’. ಮೊದಲು ಟೀ ತರುವುದು, ಆಮೇಲೆ ಸೀಮೆಎಣ್ಣೆಯಲ್ಲಿ ಪಾರ್ಟು ತೊಳೆಯುವುದು, ಆಮೇಲೆ ಸ್ಪ್ಯಾನರ್ ನಂಬರ್ ನೋಡದೆ ಗುರುತಿಸುವುದು. ಕಿವಿಯಿಂದ ಎಂಜಿನ್ ರೋಗ ಹೇಳುವ ವಿದ್ಯೆ ಈ ದಾರಿಯಲ್ಲೇ ಬರುತ್ತದೆ, ಅದನ್ನು ಯಾವ ಕೋರ್ಸೂ ಕೊಡದು. ಆದರೆ ಉಸ್ತಾದ್ ತನಗೆ ಗೊತ್ತಿದ್ದನ್ನು ಮಾತ್ರ ಕಲಿಸಬಲ್ಲ. 200 ಬಾರ್ ಅವನೂ ಕಂಡಿರಲಿಲ್ಲ.

ಕಾನೂನು ಈ ಅಂಗಡಿಗೆ ಬರುವ ಬಾಗಿಲೂ ಕಿರಿದು. 1948ರ ಕಾರ್ಖಾನೆ ಕಾಯ್ದೆಯ ವ್ಯಾಖ್ಯೆಯಲ್ಲಿ ರಿಪೇರಿಯೂ ಉತ್ಪಾದನಾ ಪ್ರಕ್ರಿಯೆಯೇ. ಅಂದರೆ ಗ್ಯಾರೇಜೂ ಕಾರ್ಖಾನೆಯಾಗಬಹುದು, ವಿದ್ಯುತ್ ಬಳಸಿ ಹತ್ತು ಜನ, ಬಳಸದೆ ಇಪ್ಪತ್ತು ಜನ ದುಡಿಯುತ್ತಿದ್ದರೆ. ನಾಲ್ಕೈದು ಜನರ ಅಂಗಡಿಗೆ ಸುರಕ್ಷತಾ ನಿರೀಕ್ಷಕ ಬರುವುದಿಲ್ಲ. ಅದು 1954ರ ದೆಹಲಿ ಅಂಗಡಿ ಕಾಯ್ದೆಯ ಲೆಕ್ಕಕ್ಕೆ ಬೀಳುತ್ತದೆ, ಬಟ್ಟೆ ಅಂಗಡಿಯ ಸಾಲಿನಲ್ಲಿ. 2020ರ ಸುರಕ್ಷತಾ ಸಂಹಿತೆ ಈ ಮಿತಿಗಳನ್ನು 20 ಮತ್ತು 40ಕ್ಕೆ ಏರಿಸಿತು, ಬಾಗಿಲು ಇನ್ನಷ್ಟು ಕಿರಿದಾಯಿತು. ಬಾಲಕಾರ್ಮಿಕ ಕಾಯ್ದೆಯ ಅಪಾಯಕಾರಿ ಉದ್ಯೋಗಗಳ ಪಟ್ಟಿಗೆ ಗ್ಯಾರೇಜು ಸೇರಿತು ನಿಜ. ಮಗುವನ್ನು ಹೊರಗಿಡಬೇಕಾದಷ್ಟು ಅಪಾಯ ಅಲ್ಲಿದೆ ಎಂದು ಒಪ್ಪಿದ ಕಾನೂನು, ದೊಡ್ಡವನಾದ ಮೇಲೆ ಅದೇ ಅಪಾಯದಲ್ಲಿ ಹೇಗೆ ಬದುಕಬೇಕೆಂದು ಹೇಳಿಕೊಡಲಿಲ್ಲ. ಹಳೆಯ ಆಯಿಲಿಗೆ ತ್ಯಾಜ್ಯ ನಿಯಮಗಳಿವೆ, ಹಳೆಯ ಬ್ಯಾಟರಿ ವಾಪಸು ಪಡೆಯಲು 2001ರ ನಿಯಮಗಳು ಬಂದವು. ವಸ್ತುಗಳಿಗೆ ನಿಯಮ ಸಾಕಷ್ಟಿವೆ.

ಗೊತ್ತಿಲ್ಲದ್ದನ್ನು ಬಿಚ್ಚುವುದೆಂದರೆ ಏನೆಂದು ದೆಹಲಿ ಕಂಡದ್ದು 2010ರಲ್ಲಿ, ಹಳೆಯ ಗಾಡಿಗಳನ್ನು ಒಡೆದು ಬಿಡಿಭಾಗ ಮಾರುವ ಮಾಯಾಪುರಿಯಲ್ಲಿ. ಊರಿನ ಎಷ್ಟೋ ಗ್ಯಾರೇಜುಗಳಿಗೆ ಸೆಕೆಂಡ್‌ಹ್ಯಾಂಡ್ ಗೇರ್‌ಬಾಕ್ಸು, ಬಾಗಿಲು ಬರುವುದು ಅಲ್ಲಿಂದಲೇ. ಆ ಫೆಬ್ರವರಿಯಲ್ಲಿ ದೆಹಲಿ ವಿಶ್ವವಿದ್ಯಾಲಯ 1985ರಿಂದ ಬಳಸದೆ ಇಟ್ಟಿದ್ದ ಪ್ರಯೋಗಾಲಯದ ಯಂತ್ರವೊಂದನ್ನು ಗುಜರಿಗೆ ಹರಾಜು ಹಾಕಿತು. ಒಳಗೆ ಕೋಬಾಲ್ಟ್-60 ಇತ್ತು. ಸುತ್ತಲಿನ ಸೀಸದ ಕವಚವನ್ನು ಕೆಲಸಗಾರರು ಎಂದಿನಂತೆ ಬಿಡಿಸಿದರು. ವಿಕಿರಣ ತಗುಲಿ ಹಲವರು ಆಸ್ಪತ್ರೆ ಸೇರಿದರು, ಏಪ್ರಿಲ್ 26ರಂದು ಒಬ್ಬರು ತೀರಿಕೊಂಡರು. ಇದು ವಾಹನದ ಅಪಘಾತವಲ್ಲ. ಆದರೆ ವಿದ್ಯಾವಂತರ ಸಂಸ್ಥೆಯಿಂದ ಹೊರಬಿದ್ದ ವಸ್ತುವಿನ ಅಪಾಯವನ್ನು ಯಾರೂ ಹೇಳದೆ ಸ್ಪ್ಯಾನರ್ ಹಿಡಿದವನಿಗೆ ದಾಟಿಸಿದ್ದು ಗ್ಯಾರೇಜಿಗೆ ಹೊಸ ಅನುಭವವಲ್ಲ.

ಸಿಎನ್‌ಜಿಯಲ್ಲಿ ನಿಧಾನವಾಗಿ ಒಂದು ವ್ಯವಸ್ಥೆ ಬೆಳೆಯಿತು. ಒಪ್ಪಿಗೆ ಪಡೆದ ಕಿಟ್, ಅಧಿಕೃತ ವರ್ಕ್‌ಶಾಪ್, ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಯ ಪ್ರಮಾಣಪತ್ರ, ಸ್ಫೋಟಕ ಇಲಾಖೆ ಒಪ್ಪಿದ ಸಿಲಿಂಡರ್. ಕೆಲಸ ಬಲ್ಲ ಹಳೆಯ ಮೆಕ್ಯಾನಿಕ್‌ಗಳಿಗೆ, ಇರುವ ಕೌಶಲವನ್ನೇ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಪದ್ಧತಿ 2015ರ ಕೌಶಲ ವಿಕಾಸ ಯೋಜನೆಯಲ್ಲಿ ಸೇರಿತು. ಪಟ್ಟಿ ಬಂದು ಹದಿನೇಳು ವರ್ಷವಾಗಿತ್ತು. ಅಧಿಕೃತ ವರ್ಕ್‌ಶಾಪಿಗಿಂತ ಕಡಿಮೆ ದುಡ್ಡಿಗೆ ಸಿಲಿಂಡರ್ ಕೂರಿಸುವ ಅಂಗಡಿಗಳೂ ಉಳಿದವು. ಅವುಗಳಿಗೆ ಗಿರಾಕಿಗಳು ಇದ್ದೇ ಇದ್ದಾರೆ.

ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಬಿಚ್ಚಿ, ನೀರು ತುಂಬಿಸಿ, ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಬೇಕು. ಆ ತಾರೀಕನ್ನು ಒಂದು ಸಣ್ಣ ಲೋಹದ ಫಲಕದ ಮೇಲೆ ಬರೆದು ಗ್ಯಾಸ್ ತುಂಬುವ ಜಾಗದ ಹತ್ತಿರ ಹಚ್ಚುತ್ತಾರೆ. ದೆಹಲಿಯಲ್ಲಿ, ನೋಯ್ಡಾದಲ್ಲಿ, ಗುರುಗ್ರಾಮದಲ್ಲಿ ಸಿಎನ್‌ಜಿ ಪಂಪಿನೊಳಗೆ ಗಾಡಿ ನಿಂತರೆ ಎಲ್ಲರೂ ಕೆಳಗಿಳಿಯಬೇಕು. ಚಳಿಯಲ್ಲಿ ನಿದ್ದೆಗಣ್ಣಿನ ಮಕ್ಕಳೂ ಇಳಿಯುತ್ತಾರೆ. ಪಂಪಿನ ಹುಡುಗ ಬಾನೆಟ್ ಎತ್ತಿ, ನಳಿಕೆ ಸಿಕ್ಕಿಸುವ ಮುಂಚೆ, ಬಗ್ಗಿ ಆ ಫಲಕ ಓದುತ್ತಾನೆ. ತಾರೀಕು ಮೀರಿದ್ದರೆ ಗ್ಯಾಸ್ ಕೊಡುವಂತಿಲ್ಲ. ಹಿಂದೆ ಹಾರ್ನ್ ಹೊಡೆಯುವವರ ಸಾಲು ಉದ್ದವಿದ್ದಾಗ ಕೆಲವೊಮ್ಮೆ ಬಗ್ಗುವುದಿಲ್ಲ.