ಕಾರ್ಬುರೇಟರಿನ ಕಂಠಸಂಸ್ಕಾರ

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಮೊದಲು ಜಾವಾ, ತರುವಾಯ ಯೆಜ್ಡಿ ಎಂಬ 250 ಸಿಸಿ ದ್ವಿಚಕ್ರವಾಹನಗಳನ್ನು ನಿರ್ಮಿಸಿದ ಐಡಿಯಲ್ ಜಾವಾ ಕಾರ್ಖಾನೆಯ ಕೀರ್ತಿಯನ್ನು ಹೇಳುವವರು, ಆ ಎಂಜಿನ್ನುಗಳ ಉಸಿರನ್ನೇ ತಿದ್ದಿದ ಮೆಕ್ಯಾನಿಕ್ಕುಗಳ ವಿದ್ಯೆಯನ್ನೂ ಸ್ಮರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಟಲಿಯ ವೆಂಟೂರಿಯು 1797ರಲ್ಲಿ ಪ್ರಕಟಿಸಿದ ತತ್ತ್ವದಂತೆ, ಕಾರ್ಬುರೇಟರಿನ ಸಂಕುಚಿತವಾದ ಕಂಠದಲ್ಲಿ ಗಾಳಿಯ ವೇಗವು ಹೆಚ್ಚಿ ಒತ್ತಡವು ಕುಗ್ಗುವುದರಿಂದಲೇ ಪೆಟ್ರೋಲು ಜೆಟ್ಟೆಂಬ ಸಣ್ಣ ರಂಧ್ರದಿಂದ ಮೇಲೆದ್ದು ಬರುವುದು. ಆದಕಾರಣ ಕಂಠವನ್ನು ವಿಚಾರವಿಲ್ಲದೆ ಅಗಲಿಸಿದರೆ, ಮೇಲಿನ ವೇಗದಲ್ಲಿ ಬಲವು ಹೆಚ್ಚೀತಾದರೂ, ಕೆಳಗಿನ ವೇಗದಲ್ಲಿ ಎಂಜಿನ್ನು ತಡವರಿಸುವುದು. ಮದರಾಸಿನ ಬಳಿಯ ಶೋಳಾವರಂ ಮೋಟಾರು ಪಂದ್ಯಗಳ ಕಾಲದಲ್ಲಿ ನುರಿತ ಕೈಗಳು ಮಾಡುತ್ತಿದ್ದುದು ಬೇರೆಯೇ ಕೆಲಸ: ಎರಕದ ಒರಟನ್ನು ನಯವಾದ ಮರಳುಕಾಗದದಿಂದ ಉಜ್ಜುವುದು, ಮ್ಯಾನಿಫೋಲ್ಡಿನ ಅಂಚು ಗಾಳಿಗೆ ಮೆಟ್ಟಿಲಾಗದಂತೆ ಸರಿಹೊಂದಿಸುವುದು, ಜೆಟ್ಟಿನ ಸೂಜಿಯ ಕ್ಲಿಪ್ಪನ್ನು ಒಂದು ಗೀರಿನಷ್ಟು ಕೆಳಗಿಳಿಸಿ ಇಂಧನವನ್ನು ಹೆಚ್ಚಿಸುವುದು. ಇಂತಹ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕೀಲೆಣ್ಣೆಯೂ ಪೆಟ್ರೋಲಿನೊಡನೆಯೇ ಬರುವುದರಿಂದ, ಗಾಳಿಯನ್ನು ಹೆಚ್ಚಿಸಿ ಜೆಟ್ಟನ್ನು ಹಾಗೆಯೇ ಬಿಟ್ಟವನ ಪಿಸ್ಟನ್ನು ಕಾದು ಕಚ್ಚಿಕೊಳ್ಳದೆ ಇರದು.

ಇಂಧನದ ಹದವನ್ನು ಪರೀಕ್ಷಿಸಲು ಯಂತ್ರಗಳಿರಲಿಲ್ಲ. ಪೂರ್ಣ ವೇಗದಲ್ಲಿ ಓಡಿಸಿ, ಥಟ್ಟನೆ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡುವರು: ಬಿಳುಪಾದರೆ ಇಂಧನ ಸಾಲದು, ಮಸಿಯಾದರೆ ಅಧಿಕ, ಕಾಫಿಪುಡಿಯ ಕಂದಾದರೆ ಸಮ. 1996ರಲ್ಲಿ ಕಾರ್ಖಾನೆ ಮುಚ್ಚಿದ ಬಳಿಕವೂ ಮೈಸೂರಿನ ಗ್ಯಾರೇಜುಗಳಲ್ಲಿ ಈ ವರ್ಣಪರೀಕ್ಷೆಯು ನಿಲ್ಲಲಿಲ್ಲ.