ಪದಪಟ್ಟಿ ಮತ್ತು ಪರೀಕ್ಷೆ: ಇಂಗ್ಲಿಷ್ ಶಬ್ದಸಂಗ್ರಹದ ಆಯ್ಕೆಯ ಚರಿತ್ರೆ

ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆಗೆ ಕೂರುವ ಅಭ್ಯರ್ಥಿಯ ಕೈಗೆ ಮೊದಲು ಬರುವುದು ಪದಪಟ್ಟಿ. ಅದು ಪರೀಕ್ಷೆಯಿಂದಲೇ ಹುಟ್ಟಿದ ಸಾಧನವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಇಂಥ ಪಟ್ಟಿಗಳ ಪೈಕಿ ಅತ್ಯಂತ ಪ್ರಭಾವಶಾಲಿಯಾದುದರ ಮೂಲವು ಪರೀಕ್ಷೆಯವರೆಗೆ ಎಂದೂ ತಲುಪದಿದ್ದ ಮಕ್ಕಳ ಕುರಿತ ಚಿಂತನೆಯಲ್ಲಿದೆ. ಆ ಚಿಂತನೆ ನಡೆದ ಸ್ಥಳ ಅವಿಭಜಿತ ಬಂಗಾಳದ ಢಾಕಾ.

ಪದಗಳನ್ನು ಸಂಗ್ರಹಿಸಿ ಕಂಠಸ್ಥ ಮಾಡುವ ಪದ್ಧತಿ ಭಾರತಕ್ಕೆ ಹೊಸತಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿಸುವುದು ಸಂಸ್ಕೃತ ವಿದ್ಯಾಭ್ಯಾಸದ ಮೊದಲ ಮೆಟ್ಟಿಲಾಗಿತ್ತು. ಕನ್ನಡದಲ್ಲಿ ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’ ಯಾರಿಗಾಗಿ ರಚಿತವಾಯಿತೆಂಬುದನ್ನು ಅದರ ಹೆಸರೇ ಹೇಳುತ್ತದೆ. ಒಂದೇ ಅರ್ಥಕ್ಕೆ ಹಲವು ಪದಗಳನ್ನು ಒದಗಿಸಿ ಕವಿಯ ಆಯ್ಕೆಯನ್ನು ಹಿಗ್ಗಿಸುವುದು ಈ ನಿಘಂಟುಗಳ ಗುರಿ. ವಿಲಿಯಂ ರೀವ್ 1824ರಲ್ಲಿ ಹೊರತಂದ ಇಂಗ್ಲಿಷ್-ಕನ್ನಡ ನಿಘಂಟಾಗಲಿ, ಕಿಟ್ಟೆಲರ 1894ರ ಕನ್ನಡ-ಇಂಗ್ಲಿಷ್ ನಿಘಂಟಾಗಲಿ ಪದಗಳನ್ನು ಆದಷ್ಟೂ ಸೇರಿಸಿಕೊಳ್ಳುವ ಪರಂಪರೆಗೇ ಸೇರಿದವು. ಇಪ್ಪತ್ತನೆಯ ಶತಮಾನದ ಪದಪಟ್ಟಿ ಇದಕ್ಕೆ ವಿರುದ್ಧ ದಿಕ್ಕಿನದು. ಯಾವ ಪದವನ್ನು ಬಿಡಬಹುದು ಎಂಬುದೇ ಅದರ ಮುಖ್ಯ ಪ್ರಶ್ನೆ.

ಈ ಪ್ರಶ್ನೆಯನ್ನು ತರಗತಿಯ ನೆಲೆಯಲ್ಲಿ ಕೈಗೆತ್ತಿಕೊಂಡವರಲ್ಲಿ ಮೈಕೆಲ್ ವೆಸ್ಟ್ ಪ್ರಮುಖರು. ಭಾರತೀಯ ಶಿಕ್ಷಣ ಸೇವೆಯ ಅಧಿಕಾರಿಯಾಗಿದ್ದ ಅವರು ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರೂ ಆಗಿದ್ದರು. ಬಂಗಾಳದ ದ್ವಿಭಾಷಿಕತೆಯನ್ನು ಕುರಿತ ಅವರ ಅಧ್ಯಯನ 1926ರಲ್ಲಿ ಪ್ರಕಟವಾಯಿತು. ಶಾಲೆ ಸೇರಿದ ಮಕ್ಕಳಲ್ಲಿ ಅನೇಕರು ನಡುವೆಯೇ ಬಿಟ್ಟುಹೋಗುತ್ತಿದ್ದರು. ಅಷ್ಟು ವರ್ಷ ಕಲಿತ ಇಂಗ್ಲಿಷಿನಿಂದ ಅವರಿಗೆ ದಕ್ಕಿದ್ದೇನು? ಜೀವವಿಮೆಯ ಕಂತನ್ನು ಅರ್ಧಕ್ಕೆ ನಿಲ್ಲಿಸಿದವನಿಗೂ ಒಂದಿಷ್ಟು ಮೊತ್ತ ಮರಳಿ ದೊರೆಯುವಂತೆ, ಶಿಕ್ಷಣವನ್ನು ನಡುವೆ ತೊರೆದ ಮಗುವಿಗೂ ಬಳಕೆಗೆ ಬರುವ ಫಲ ಸಿಗಬೇಕೆಂದು ವೆಸ್ಟ್ ವಾದಿಸಿದರು. ವಿಮೆಯ ಪರಿಭಾಷೆಯಲ್ಲಿಯೇ ಅದನ್ನು ‘ಸರೆಂಡರ್ ವ್ಯಾಲ್ಯೂ’ ಎಂದು ಕರೆದರು. ಮಾತಿಗಿಂತ ಮೊದಲು ಓದು ಕೈಗೂಡಬೇಕೆಂಬುದು ಅವರ ನಿಲುವು. ವಿರಳ ಪದಗಳನ್ನು ತೆಗೆದು, ಹೊಸ ಪದಗಳನ್ನು ಸಾಕಷ್ಟು ಅಂತರದಲ್ಲಿ ಪರಿಚಯಿಸಿ, ಮತ್ತೆ ಮತ್ತೆ ಎದುರಾಗುವಂತೆ ಮಾಡಿದ ಅವರ ವಾಚಿಕೆಗಳು ಈ ನಿಲುವಿನಿಂದ ಹೊಮ್ಮಿದವು. 1935ರಲ್ಲಿ ಎಂಡಿಕಾಟ್ ಅವರೊಡನೆ ಸಿದ್ಧಪಡಿಸಿದ ನಿಘಂಟು ಸುಮಾರು 24,000 ಪದ-ಪದಪುಂಜಗಳಿಗೆ ಕೇವಲ 1,490 ಪದಗಳನ್ನು ಬಳಸಿ ಅರ್ಥ ನೀಡಿತು.

ಇದೇ ಕಾಲದಲ್ಲಿ ಅಮೆರಿಕದ ಥಾರ್ನ್‌ಡೈಕ್ ಪದಗಳ ಬಳಕೆಯ ಆವರ್ತನವನ್ನು ಎಣಿಸಿ 1921ರಲ್ಲಿ 10,000 ಪದಗಳ ಪಟ್ಟಿಯನ್ನು ಪ್ರಕಟಿಸಿದ್ದರು. ಟೋಕಿಯೋದಲ್ಲಿ ಹೆರಾಲ್ಡ್ ಪಾಮರ್ ಬೇರೆಯೇ ಮಾರ್ಗದಲ್ಲಿದ್ದರು. 1934ರಲ್ಲಿ ಕಾರ್ನೆಗಿ ನಿಧಿಯ ಆಶ್ರಯದಲ್ಲಿ ನ್ಯೂಯಾರ್ಕಿನಲ್ಲಿ ಇವರೆಲ್ಲ ಕಲೆತರು. 1936ರ ಅವರ ಮಧ್ಯಂತರ ವರದಿಯನ್ನು ಪರಿಷ್ಕರಿಸಿ ವೆಸ್ಟ್ 1953ರಲ್ಲಿ ಹೊರತಂದುದೇ ಸುಮಾರು 2,000 ಪದಗಳ ‘ಜನರಲ್ ಸರ್ವಿಸ್ ಲಿಸ್ಟ್’. ಪ್ರತಿ ಪದದ ಯಾವ ಅರ್ಥ ಎಷ್ಟು ಪ್ರಮಾಣದಲ್ಲಿ ಬಳಕೆಯಾಗುತ್ತದೆಂಬುದನ್ನು ಶೇಕಡಾವಾರು ತೋರಿಸಿದ್ದು ಅದರ ಹೆಚ್ಚುಗಾರಿಕೆ. ಅನಂತರದ ಅಗ್ಗದ ಪಟ್ಟಿಗಳು ಮೊದಲು ಕೈಬಿಟ್ಟದ್ದು ಇದನ್ನೇ.

ಪರೀಕ್ಷೆಗಳ ದಾರಿ ಬೇರೆಯಾಗಿತ್ತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯವು 1913ರಲ್ಲಿ ಆರಂಭಿಸಿದ ಪ್ರಾವೀಣ್ಯ ಪರೀಕ್ಷೆಗೆ ಆ ವರ್ಷ ಕುಳಿತವರು ಮೂವರು, ಯಾರೂ ತೇರ್ಗಡೆಯಾಗಲಿಲ್ಲ. ಭಾಷಾಂತರ, ಪ್ರಬಂಧ, ಧ್ವನಿಶಾಸ್ತ್ರಗಳಿದ್ದ ಆ ಪರೀಕ್ಷೆ ಪದಜ್ಞಾನವನ್ನು ಪ್ರತ್ಯೇಕವಾಗಿ ಅಳೆಯುತ್ತಿರಲಿಲ್ಲ. ಆ ಕೆಲಸ ಮಾಡಿದ್ದು 1964ರಲ್ಲಿ ಆರಂಭವಾದ ಟೋಫೆಲ್. ಒಂದು ಪದ, ನಾಲ್ಕು ಆಯ್ಕೆ, ಒಂದು ಸಮಾನಾರ್ಥಕ. ಮೇಲ್ನೋಟಕ್ಕೆ ಇದು ಅಮರಕೋಶದ ಪರ್ಯಾಯಪದಗಳ ಕ್ರಮವನ್ನು ನೆನಪಿಸುವುದಾದರೂ ಕೋಶ ಕವಿಗೆ ಕೊಟ್ಟಿತು, ಪ್ರಶ್ನೆಪತ್ರಿಕೆ ಅಭ್ಯರ್ಥಿಯನ್ನು ಜರಡಿ ಹಿಡಿಯಿತು. ಪಟ್ಟಿಗಳ ಕಂಠಪಾಠ ವ್ಯಾಪಕವಾಯಿತು. ವಾಕ್ಯದಿಂದ ಕಿತ್ತ ಪದವನ್ನು ಕೇಳುವ ಕ್ರಮ ಟೀಕೆಗೆ ಗುರಿಯಾಗಿ, 1995ರಲ್ಲಿ ಪದಗಳ ಪ್ರಶ್ನೆಗಳು ಸಂಪೂರ್ಣವಾಗಿ ಗದ್ಯಭಾಗದೊಳಕ್ಕೆ ಸರಿದವು. ಎರಡು ವರ್ಷಗಳ ಬಳಿಕ ಲ್ಯಾಂಡಾವರ್ ಮತ್ತು ಡ್ಯೂಮೇ ಎಂಬ ಸಂಶೋಧಕರು ಪದಗಳ ಸಹವಾಸವನ್ನಷ್ಟೇ ಲೆಕ್ಕಹಾಕುವ ಒಂದು ಗಣಕವಿಧಾನಕ್ಕೆ ಟೋಫೆಲ್‌ನ ಇಂಥ 80 ಹಳೆಯ ಪ್ರಶ್ನೆಗಳನ್ನು ಒಡ್ಡಿದರು. ಅದು ಪಡೆದ ಅಂಕ ಶೇಕಡ 64ರಷ್ಟು. ವಿದೇಶಿ ಅಭ್ಯರ್ಥಿಗಳ ಸರಾಸರಿಯೂ ಅಷ್ಟೇ ಆಗಿತ್ತು. ಅರ್ಥವನ್ನು ಬದುಕಿನಲ್ಲಿ ಎಂದೂ ಬಳಸದ ಯಂತ್ರವೊಂದು ಹೀಗೆ ಸಮನಾಗಿ ನಿಂತದ್ದು ಆ ಪ್ರಶ್ನೆಗಳ ಸ್ವರೂಪದ ಬಗೆಗೂ ಯೋಚಿಸುವಂತೆ ಮಾಡುತ್ತದೆ.

1989ರಲ್ಲಿ ಬಂದ ಐಇಎಲ್‌ಟಿಎಸ್‌ನಲ್ಲಿ ಪದಗಳಿಗೆ ಪ್ರತ್ಯೇಕ ಪತ್ರಿಕೆಯಿಲ್ಲ. ಬರಹ ಮತ್ತು ಮಾತುಗಳನ್ನು ಅಳೆಯುವ ನಾಲ್ಕು ಮಾನದಂಡಗಳಲ್ಲಿ ಪದಸಂಪತ್ತು ಒಂದು. ಅಲ್ಲಿ ಪದವ್ಯಾಪ್ತಿಯಷ್ಟೇ ಪದಪ್ರಯೋಗದ ಔಚಿತ್ಯಕ್ಕೂ ಬೆಲೆಯಿದೆ.

2000ದಲ್ಲಿ ನ್ಯೂಜಿಲೆಂಡಿನ ಏವರಿಲ್ ಕಾಕ್ಸ್‌ಹೆಡ್ ವೆಸ್ಟ್ ಅವರ ಪಟ್ಟಿಯನ್ನೇ ತಳಹದಿಯಾಗಿಟ್ಟುಕೊಂಡು, ಅದರಾಚೆಗೆ ಶಾಸ್ತ್ರೀಯ ಬರಹಗಳಲ್ಲಿ ಬರುವ 570 ಪದಕುಟುಂಬಗಳನ್ನು ಗುರುತಿಸಿದರು. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನಗಳ ಸುಮಾರು 35 ಲಕ್ಷ ಪದಗಳ ಪಠ್ಯದಲ್ಲಿ ಇವುಗಳ ಪಾಲು ಶೇಕಡ 10ರಷ್ಟು. ಕಥನಸಾಹಿತ್ಯದಲ್ಲಿ ಶೇಕಡ 1.4 ಮಾತ್ರ. ಇವುಗಳಲ್ಲಿ ಬಹುಪಾಲು ಗ್ರೀಕ್-ಲ್ಯಾಟಿನ್ ಮೂಲದವು. ಕನ್ನಡದ ಶಾಸ್ತ್ರಗದ್ಯ ಸಂಸ್ಕೃತವನ್ನು ಆಶ್ರಯಿಸಿದಂತೆಯೇ ಇದು. ವಿಶ್ಲೇಷಿಸು, ವಿಶ್ಲೇಷಣೆ, ವಿಶ್ಲೇಷಕ ಎಂಬ ಬಳಗವನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ‘ಅನಲೈಸ್’, ‘ಅನಾಲಿಸಿಸ್’, ‘ಅನಲಿಸ್ಟ್’ಗಳ ಸಂಬಂಧ ಅಪರಿಚಿತವೆನಿಸಬೇಕಾಗಿಲ್ಲ. ಆದರೂ ಪೇಟೆಯ ಕೈಪಿಡಿಗಳು ಪದಗಳನ್ನು ಅಕಾರಾದಿಯಾಗಿ ಒಂಟೊಂಟಿಯಾಗಿಯೇ ಕೊಡುತ್ತ ಬಂದಿವೆ.

ವೆಸ್ಟ್ ಅವರ ಪಟ್ಟಿಯೂ ಹಳತಾಯಿತು. ‘ಟೆಲಿವಿಷನ್’, ‘ಕಂಪ್ಯೂಟರ್’ ಅದರಲ್ಲಿರಲಿಲ್ಲ. 2013ರಲ್ಲಿ ಬ್ರೌನ್ ಮತ್ತು ಸಂಗಡಿಗರು 27 ಕೋಟಿಗೂ ಮಿಕ್ಕ ಪದಗಳ ಪಠ್ಯರಾಶಿಯಿಂದ ಸುಮಾರು 2,800 ಪದಗಳ ಹೊಸ ಪಟ್ಟಿಯನ್ನು ರೂಪಿಸಿದಾಗ, ಅದಕ್ಕೂ ‘ಜನರಲ್ ಸರ್ವಿಸ್ ಲಿಸ್ಟ್’ ಎಂಬ ಹಳೆಯ ಹೆಸರನ್ನೇ, ಹಿಂದೊಂದು ‘ನ್ಯೂ’ ಸೇರಿಸಿ, ಉಳಿಸಿಕೊಂಡರು.