ಹೊಗೆಸೊಪ್ಪು, ಭಂಗಿ ಮತ್ತು ಶ್ರಾವಕಧರ್ಮ

ಸಪ್ತವ್ಯಸನಗಳ ಪಟ್ಟಿಯಲ್ಲಿ ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರದಾರಗಮನಗಳಿವೆ, ಹೊಗೆಸೊಪ್ಪಿನ ಹೆಸರಿಲ್ಲ. ಇದನ್ನೇ ನೆಪವಾಗಿಟ್ಟುಕೊಂಡು ಬೀಡಿ ಸಿಗರೇಟುಗಳಿಗೆ ಶಾಸ್ತ್ರದ ಅಡ್ಡಿಯಿಲ್ಲವೆನ್ನುವ ಶ್ರಾವಕರುಂಟು. ಗಾಂಜಾದ ಮಾತೆತ್ತಿದರೆ ಮಾತ್ರ ಅವರೇ ಕಿವಿ ಮುಚ್ಚಿಕೊಳ್ಳುತ್ತಾರೆ. ಈ ಎರಡು ಸೊಪ್ಪುಗಳ ನಂಟನ್ನು ಇತಿಹಾಸದಲ್ಲಿ ಅರಸಿದರೆ ಈ ಭೇದ ಎಷ್ಟು ದುರ್ಬಲವೆಂಬುದು ತಿಳಿಯುತ್ತದೆ.

ಪಟ್ಟಿಯಲ್ಲಿ ಹೆಸರಿಲ್ಲದಿರುವುದಕ್ಕೆ ಕಾರಣ ಸರಳವಾದುದು. ಶ್ರವಣಬೆಳಗೊಳದ ಗೊಮ್ಮಟಮೂರ್ತಿ ಹತ್ತನೆಯ ಶತಮಾನದ ಕೊನೆಯದು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯೂ ಗಂಗರ ಕಾಲದ್ದು. ಆಗ ಹೊಗೆಸೊಪ್ಪು ಭಾರತಕ್ಕೆ ಬಂದಿರಲೇ ಇಲ್ಲ. ಅಮೆರಿಕದ ಆ ಗಿಡವನ್ನು ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. ಅಕ್ಬರನ ದೂತ ಅಸದ್ ಬೇಗನು 1604ರ ಸುಮಾರಿಗೆ ಅದನ್ನು ಬಿಜಾಪುರದಲ್ಲಿ ಕಂಡು, ಸೇದುವ ಕೊಳವೆಯೊಡನೆ ಒಯ್ದು ಬಾದಶಹನಿಗೆ ಒಪ್ಪಿಸಿದನು. ಆಸ್ಥಾನದ ವೈದ್ಯನು ಆಕ್ಷೇಪಿಸಿದನು. 1617ರಲ್ಲಿ ಜಹಾಂಗೀರನು ನಿಷೇಧಿಸಿದನು. ಆದರೂ ರೂಢಿ ನಿಲ್ಲಲಿಲ್ಲ.

ಭಂಗಿಸೊಪ್ಪಿನ ಕಥೆ ಬೇರೆ. ಅದು ಈ ನೆಲಕ್ಕೆ ಬಹು ಹಿಂದಿನಿಂದಲೂ ಪರಿಚಿತ. ಔಷಧಿಯಾಗಿಯೂ ಅಮಲಿಗಾಗಿಯೂ ಜನರು ಅದನ್ನು ಹೆಚ್ಚಾಗಿ ಅರೆದು ಕುಡಿಯುತ್ತಿದ್ದರು, ಇಲ್ಲವೆ ತಿನ್ನುತ್ತಿದ್ದರು. ಹೊಗೆಸೊಪ್ಪಿನೊಡನೆ ಹುಕ್ಕಾ, ಚಿಲುಮೆಗಳು ಬಳಕೆಗೆ ಬಂದ ಮೇಲೆಯೇ ಗಾಂಜಾ ಸೇದುವ ಅಭ್ಯಾಸ ವ್ಯಾಪಕವಾಯಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಹೊಸದಾಗಿ ಬಂದ ಸೊಪ್ಪು ಹಳೆಯ ಸೊಪ್ಪಿಗೆ ಹೊಗೆಯ ದಾರಿಯನ್ನು ತೋರಿಸಿತು. 1893ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿತು. ಗಾಂಜಾವನ್ನು ಹೊಗೆಸೊಪ್ಪಿನೊಡನೆ ಬೆರೆಸಿ ಚಿಲುಮೆಯಲ್ಲಿ ಸೇದುವ ಪದ್ಧತಿ ಆಗಲೇ ಸಾಮಾನ್ಯವಾಗಿತ್ತು. ಮಿತವಾದ ಬಳಕೆಯಿಂದ ಹೆಚ್ಚಿನ ಕೇಡಿಲ್ಲವೆಂದು ಬಗೆದ ಆಯೋಗವು ಪೂರ್ಣ ನಿಷೇಧವನ್ನು ಬಯಸದೆ ನಿಯಂತ್ರಣವನ್ನಷ್ಟೇ ಸೂಚಿಸಿತು.

ಸ್ವತಂತ್ರ ಭಾರತದ ಕಾನೂನು ಇವೆರಡನ್ನೂ ಬೇರೆ ಬೇರೆ ದಾರಿಯಲ್ಲಿ ನಡೆಸಿತು. 1985ರ ಮಾದಕವಸ್ತು ಕಾಯಿದೆಯಿಂದ ಗಾಂಜಾ ಅಪರಾಧವಾಯಿತು. ಹೊಗೆಸೊಪ್ಪಿಗೆ 1976ರಲ್ಲಿ ಒಂದು ಮಂಡಳಿಯೇ ಏರ್ಪಟ್ಟಿತು. ಶ್ರೀರಂಗಪಟ್ಟಣ, ಬೆಳಗೊಳಗಳಿಂದ ಪಶ್ಚಿಮಕ್ಕೆ ಹೋದರೆ ಹುಣಸೂರು, ಪಿರಿಯಾಪಟ್ಟಣಗಳ ಸೀಮೆಯಲ್ಲಿ ವರ್ಜೀನಿಯಾ ತಂಬಾಕು ಬೆಳೆದು ಹರಾಜಾಗುತ್ತದೆ. ಹೀಗೆ ಒಂದಕ್ಕೆ ಸೆರೆಮನೆ, ಇನ್ನೊಂದಕ್ಕೆ ಮಾರುಕಟ್ಟೆ.

ಆದರೆ ಶ್ವಾಸಕೋಶಕ್ಕೆ ಕಾನೂನಿನ ಈ ಭೇದ ತಿಳಿಯದು. ಸಿಗರೇಟಿನಿಂದ ಹೊಗೆಯನ್ನು ಎದೆಗೆಳೆದುಕೊಳ್ಳಲು ಕಲಿತ ತರುಣನಿಗೆ ಗಾಂಜಾ ಸೇದುವುದು ಕಷ್ಟವಲ್ಲ. ಗಾಂಜಾಕ್ಕೆ ತಂಬಾಕು ಬೆರೆಸಿ ಸೇದುವವನು ತನಗರಿವಿಲ್ಲದೆಯೇ ನಿಕೋಟಿನ್‌ಗೆ ದಾಸನಾಗಬಹುದು. ಗಾಂಜಾ ಬಿಟ್ಟ ಮೇಲೂ ಸಿಗರೇಟು ಅವನನ್ನು ಬಿಡದಿರಬಹುದು. ಒಂದು ಚಟವೇ ಇನ್ನೊಂದಕ್ಕೆ ಕಾರಣವೆಂಬ ವಿಷಯದಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ. ಬೀಡಿ ಸೇದುವ ಬಹುಮಂದಿ ಗಾಂಜಾದ ಬಳಿಗೆ ಹೋಗುವುದೂ ಇಲ್ಲ. ಆದರೆ ಎರಡೂ ಚಟಗಳು ಒಬ್ಬನಲ್ಲೇ ಜೊತೆಯಾಗಿ ಕಾಣಿಸಿಕೊಳ್ಳುವುದು ಹೆಚ್ಚೆಂಬುದು ಹಲವು ದೇಶಗಳ ಅಧ್ಯಯನಗಳಿಂದ ತಿಳಿದುಬಂದಿದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯವನ್ನು ವರ್ಜಿಸಲು ಕೊಟ್ಟ ಕಾರಣ ಪ್ರಮಾದದ ಪರಿಹಾರ, ಅಂದರೆ ಎಚ್ಚರಗೇಡಿತನದಿಂದ ದೂರವಿರುವುದು. ಈ ಕಾರಣವನ್ನು ಗ್ರಹಿಸಿದವನು ಪಟ್ಟಿಯಲ್ಲಿ ಹೊಸ ವಸ್ತುವಿನ ಹೆಸರನ್ನು ಹುಡುಕಬೇಕಾಗಿಲ್ಲ. ತಲಬು ಹತ್ತಿದಾಗ ಸಾಮಾಯಿಕದಲ್ಲಿಯೂ ಮನಸ್ಸನ್ನು ನಿಲ್ಲಗೊಡದ ವಸ್ತು ಪ್ರಮಾದವಲ್ಲದೆ ಮತ್ತೇನು?

ಇಲ್ಲಿ ವ್ಯಾಪಾರಿಗಳೂ ಯೋಚಿಸಬೇಕಾದ ಮಾತೊಂದಿದೆ. ಜೈನಧರ್ಮವು ಪಾಪವನ್ನು ಕೃತ, ಕಾರಿತ, ಅನುಮೋದನೆ ಎಂದು ಮೂರು ಬಗೆಯಾಗಿ ಎಣಿಸುತ್ತದೆ. ತಾನು ಸೇದದೆ ಅಂಗಡಿಯಲ್ಲಿ ಬೀಡಿಯ ಕಟ್ಟನ್ನಿಟ್ಟು ಮಾರುವವನು ಮೊದಲನೆಯದರಿಂದ ಪಾರಾದಾನು, ಉಳಿದೆರಡರಿಂದ ಪಾರಾಗಲಾರನು. ಪರವಾನಗಿ ಕೊಡುವುದು ಸರ್ಕಾರದ ಕೆಲಸ. ಲಾಭದ ಲೆಕ್ಕದಲ್ಲಿ ಇದನ್ನೂ ಬರೆದುಕೊಳ್ಳುವುದು ಶ್ರಾವಕನ ಕೆಲಸ.